ರೇಸಿನಿಂದ ಇಳಿದ ಸಸ್ಪೆನ್ಷನ್, ರಸ್ತೆಯಲ್ಲಿ ಓಡುವ ಕಾರು

ಪ್ರಶ್ನೆ: ನನ್ನ ಬಳಿ ಎರಡು ಆಸನಗಳ, ನಡುವೆ ಎಂಜಿನ್ ಇರುವ ಸ್ಪೋರ್ಟ್ಸ್ ಕಾರು ಇದೆ. ಹಿಂದೆ ಮುಂದೆ ಎರಡೂ ಕಡೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದೇ ಕಂಬವಾಗಿ ಚಕ್ರವನ್ನು ಹಿಡಿದಿರುವ ಜೋಡಣೆ). ವಾರದ ದಿನಗಳಲ್ಲಿ ಸಾಮಾನ್ಯ ರಸ್ತೆಯಲ್ಲಿ ಓಡಿಸುತ್ತೇನೆ, ವರ್ಷಕ್ಕೆ ಐದಾರು ದಿನ ಟ್ರ್ಯಾಕಿಗೆ ಒಯ್ಯುತ್ತೇನೆ. ಇದೇ ಮಾದರಿಯ ಕಾರನ್ನು ಎರಡು ಋತು ರೇಸಿನಲ್ಲಿ ಓಡಿಸಿದ ತಂಡವೊಂದು ಈಗ ಅದರ ಸಸ್ಪೆನ್ಷನ್ ಭಾಗಗಳನ್ನೆಲ್ಲ ಒಟ್ಟಿಗೆ ಮಾರುತ್ತಿದೆ: ಪ್ರತ್ಯೇಕ ಗ್ಯಾಸ್ ಡಬ್ಬಿಯಿರುವ ನಾಲ್ಕು ಡ್ಯಾಂಪರ್ (ಶಾಕ್ ಅಬ್ಸಾರ್ಬರ್), ಅವುಗಳ ಸ್ಪ್ರಿಂಗ್, ರಬ್ಬರ್ ಬುಷ್ ಬದಲು ಲೋಹದ ಗುಂಡು ಬೇರಿಂಗ್ ಕೂರಿಸಿದ ಕೆಳಗಿನ ಆರ್ಮ್‌ಗಳು (ಚಕ್ರದ ಜೋಡಣೆಯನ್ನು ಕಾರಿಗೆ ಸೇರಿಸುವ ತೋಳುಗಳು), ಆಂಟಿ-ರೋಲ್ ಬಾರ್‌ಗಳು (ಕಾರು ಓರೆಯಾಗುವುದನ್ನು ತಡೆಯಲು ಎಡಬಲ ಚಕ್ರಗಳನ್ನು ಬೆಸೆಯುವ ಸರಳು), ಅಪ್‌ರೈಟ್ (ಹಬ್ಬನ್ನು ಹೊತ್ತಿರುವ ಭಾಗ) ಮತ್ತು ಹಬ್ (ಚಕ್ರವನ್ನು ಬಿಗಿಯುವ, ಅದರೊಂದಿಗೆ ತಿರುಗುವ ನಡುಭಾಗ). ಕೇಳುತ್ತಿರುವ ಬೆಲೆ ಹೊಸ ಡ್ಯಾಂಪರ್‌ಗಳ ಬೆಲೆಗಿಂತಲೂ ಕಡಿಮೆ. ಕೊಳ್ಳಬಹುದೇ? ಕೊಂಡರೆ ಏನನ್ನು ಪರೀಕ್ಷಿಸಬೇಕು, ಯಾವ ಕ್ರಮದಲ್ಲಿ ಜೋಡಿಸಬೇಕು?

ಉತ್ತರ: ಡ್ಯಾಂಪರ್‌ಗಳನ್ನು ಕೊಳ್ಳಿ, ಆಂಟಿ-ರೋಲ್ ಬಾರ್‌ಗಳನ್ನು ಪರೀಕ್ಷಿಸಿದ ಮೇಲೆ ಕೊಳ್ಳಿ, ಸ್ಪ್ರಿಂಗ್‌ಗಳು ಜೊತೆಗೆ ಬಂದರೆ ಬರಲಿ, ಆದರೆ ಅವನ್ನು ನಿಮ್ಮ ಕಾರಿಗೆ ಹಾಕಬೇಡಿ. ಆರ್ಮ್, ಅಪ್‌ರೈಟ್, ಹಬ್, ಬೋಲ್ಟ್ ಇವು ಬೇಡವೇ ಬೇಡ. ಹೀಗೆ ವಿಂಗಡಿಸುವುದಕ್ಕೆ ನಾನು ಬಳಸುವ ಅಳತೆಗೋಲು ಒಂದೇ. ಬಿಚ್ಚಿ, ಸವೆದದ್ದನ್ನು ಬದಲಿಸಿ, ಯಂತ್ರದ ಮೇಲೆ ಅಳೆದು ಮತ್ತೆ ಹೊಸದರ ಸ್ಥಿತಿಗೆ ತರಬಹುದಾದ ಭಾಗವನ್ನು ಹಳೆಯದಾಗಿದ್ದರೂ ಕೊಳ್ಳಬಹುದು. ತನ್ನ ವಯಸ್ಸನ್ನು ಲೋಹದ ಒಳಗೆ ಬಚ್ಚಿಟ್ಟುಕೊಂಡಿರುವ ಭಾಗ ಎಷ್ಟೇ ಹೊಳೆಯುತ್ತಿದ್ದರೂ, ಎಷ್ಟೇ ಅಗ್ಗವಾಗಿದ್ದರೂ ಅದನ್ನು ಬಿಡಬೇಕು. ನಿಮ್ಮ ಕಾರಿನದೇ ಮಾದರಿಯ ರೇಸ್ ಕಾರಿನಿಂದ ಇಳಿದವು ಎಂಬುದು ಅವು ನಿಮ್ಮ ಕಾರಿಗೆ ಬೋಲ್ಟ್ ಆಗುತ್ತವೆ ಎಂಬುದಕ್ಕೆ ಮಾತ್ರ ಭರವಸೆ. ಒಗ್ಗುತ್ತವೆಯೇ ಎಂಬುದನ್ನು ಲೆಕ್ಕ ಹಾಕಿಯೇ ತಿಳಿಯಬೇಕು.

ಮೊದಲು ಸ್ಪ್ರಿಂಗಿನ ಲೆಕ್ಕ ನೋಡೋಣ, ಏಕೆಂದರೆ ಮಿಕ್ಕ ಎಲ್ಲವೂ ಅದರ ಮೇಲೆ ನಿಂತಿದೆ. ನಿಮ್ಮ ಕಾರಿನ ಮುಂದಿನ ಒಂದೊಂದು ಸ್ಪ್ರಿಂಗ್ ಹೊರುವ ತೂಕ ಸುಮಾರು 250 ಕೆ.ಜಿ. ಎಂದು ಇಟ್ಟುಕೊಳ್ಳಿ. ಚಕ್ರದ ಬಳಿ ಅಳೆದಾಗ ಒಂದು ಮಿಲಿಮೀಟರ್ ಅದುಮಲು 25 ನ್ಯೂಟನ್ ಬಲ ಬೇಕಾಗುವ ಸ್ಪ್ರಿಂಗ್ ಇದ್ದರೆ, ಆ ಮೂಲೆಯ ಸಹಜ ಕಂಪನ ಸೆಕೆಂಡಿಗೆ 1.6 ಬಾರಿ, ಅಂದರೆ 1.6 ಹರ್ಟ್ಸ್. ರಸ್ತೆಗೆಂದೇ ಮಾಡಿದ ಸ್ಪೋರ್ಟ್ಸ್ ಕಾರುಗಳು ಹೆಚ್ಚುಕಡಿಮೆ ಈ ಆಸುಪಾಸಿನಲ್ಲಿರುತ್ತವೆ. ಅದೇ ಜಾಗದಲ್ಲಿ ಮಿಲಿಮೀಟರಿಗೆ 100 ನ್ಯೂಟನ್ ಬಂದರೆ ಕಂಪನ 3.2 ಹರ್ಟ್ಸ್‌ಗೆ ಏರುತ್ತದೆ. ಗಡಸುತನ ನಾಲ್ಕು ಪಟ್ಟಾದರೆ ಕಂಪನ ಎರಡೇ ಪಟ್ಟಾಗುತ್ತದೆ ಎಂಬುದು ಸಮಾಧಾನದ ಸಂಗತಿಯಂತೆ ಕಾಣಬಹುದು. ಆದರೆ ಆ ಎರಡು ಪಟ್ಟು, ಡಾಂಬರಿನ ಪ್ರತಿಯೊಂದು ತೇಪೆಯನ್ನೂ ನಿಮ್ಮ ಬೆನ್ನಿಗೆ ಓದಿ ಹೇಳುವಷ್ಟಿರುತ್ತದೆ.

ಬೆನ್ನುನೋವಿಗಿಂತ ಮುಖ್ಯವಾದ ಇನ್ನೊಂದು ಪರಿಣಾಮವಿದೆ. ಕಾರು ತನ್ನ ಭಾರದಿಂದಲೇ ಕುಳಿತಾಗ ಮೊದಲನೆಯ ಸ್ಪ್ರಿಂಗ್ ಸುಮಾರು 98 ಮಿ.ಮೀ. ಅದುಮಿಕೊಂಡಿರುತ್ತದೆ, ಎರಡನೆಯದು 25 ಮಿ.ಮೀ. ಮಾತ್ರ. ಚಕ್ರವೊಂದು ಗುಂಡಿಯ ಮೇಲೆ ಬಂದಾಗ ಅದನ್ನು ಕೆಳಕ್ಕೆ ತಳ್ಳಿ ನೆಲಕ್ಕೆ ಒತ್ತುವುದು ಈ ಅದುಮಿಕೊಂಡ ಉದ್ದವೇ. ಅದು 25 ಮಿ.ಮೀ. ಮಾತ್ರ ಇದ್ದರೆ, ಅದಕ್ಕಿಂತ ಆಳದ ಗುಂಡಿಯಲ್ಲಿ ಆ ಚಕ್ರವನ್ನು ನೆಲಕ್ಕೆ ಒತ್ತಲು ಸ್ಪ್ರಿಂಗ್ ಉಳಿದಿರುವುದಿಲ್ಲ, ಹಿಡಿತವೂ ಇರುವುದಿಲ್ಲ. ನಯವಾದ ಟ್ರ್ಯಾಕಿನಲ್ಲಿ ಇದು ಕೊರತೆಯೇ ಅಲ್ಲ. ಒಳರಸ್ತೆಯ ತಿರುವಿನಲ್ಲಿ, ಅದೂ ಮಳೆ ಬಂದು ನಿಂತಾಗ, ಗಡಸು ಸ್ಪ್ರಿಂಗಿನ ಕಾರು ಮೂಲ ಸ್ಪ್ರಿಂಗಿನ ಕಾರಿಗಿಂತ ನಿಧಾನವೂ ಅಪಾಯಕರವೂ ಆಗುವುದು ಈ ಕಾರಣದಿಂದ.

ಹಾಗಾದರೆ ರೇಸ್ ತಂಡ ಅಷ್ಟು ಗಡಸು ಸ್ಪ್ರಿಂಗನ್ನು ಏಕೆ ಹಾಕಿತ್ತು? ಕಾರು ತಿರುವಿನಲ್ಲಿ ಓರೆಯಾಗದಿರಲಿ ಎಂದು ಹೆಚ್ಚಿನವರು ಹೇಳುತ್ತಾರೆ, ಅದು ಅರ್ಧ ಉತ್ತರ. ರೆಕ್ಕೆ ಮತ್ತು ಮುಂದಿನ ತುಟಿ ಇರುವ ರೇಸ್ ಕಾರನ್ನು ವೇಗ ಹೆಚ್ಚಿದಂತೆ ಗಾಳಿ ಕೆಳಕ್ಕೆ ಒತ್ತುತ್ತದೆ. ಆ ಒತ್ತಡ 4,000 ನ್ಯೂಟನ್ ಎಂದು ಹಿಡಿದು ನಾಲ್ಕು ಚಕ್ರಗಳಿಗೆ ಸಮನಾಗಿ ಹಂಚಿದರೆ ಒಂದೊಂದಕ್ಕೆ 1,000 ನ್ಯೂಟನ್. ಮಿಲಿಮೀಟರಿಗೆ 25 ನ್ಯೂಟನ್ ಗಡಸುತನವಿದ್ದಿದ್ದರೆ ಕಾರು 40 ಮಿ.ಮೀ. ಕುಸಿದು ಹೊಟ್ಟೆ ನೆಲಕ್ಕೆ ಉಜ್ಜುತ್ತಿತ್ತು. 100 ನ್ಯೂಟನ್ ಇದ್ದರೆ ಕುಸಿಯುವುದು 10 ಮಿ.ಮೀ. ಅಷ್ಟೇ. ನೆಲದಿಂದ ಕಾರಿನ ಎತ್ತರ ಬದಲಾದರೆ ಗಾಳಿಯ ಒತ್ತಡವೂ ಬದಲಾಗುವುದರಿಂದ ತಂಡಕ್ಕೆ ಆ ಗಡಸುತನ ಬೇಕೇ ಬೇಕಿತ್ತು. ಇದರ ಜೊತೆಗೆ ಅವರ ಸ್ಲಿಕ್ ಟೈರು (ಮೇಲ್ಮೈಯಲ್ಲಿ ಗೀರುಗಳಿಲ್ಲದ ರೇಸ್ ಟೈರು) ನಿಮ್ಮ ರಸ್ತೆ ಟೈರಿಗಿಂತ ಬಹಳ ಹೆಚ್ಚು ಹಿಡಿತ ಕೊಟ್ಟು, ಕಾರನ್ನು ಅಷ್ಟೇ ಹೆಚ್ಚು ಓರೆಯಾಗಿಸುತ್ತಿತ್ತು. ನಿಮ್ಮ ಕಾರಿನಲ್ಲಿ ಆ ರೆಕ್ಕೆಯೂ ಇಲ್ಲ, ಆ ಟೈರೂ ಇಲ್ಲ. ಇಲ್ಲದ ಹೊರೆಯನ್ನು ಹೊರಲು ಅಷ್ಟು ಗಡಸು ಸ್ಪ್ರಿಂಗ್ ಬೇಕಿಲ್ಲ.

ನೀವು ಹೇಳಿದ ಬಳಕೆಗೆ ನಾನು ಚಕ್ರದ ಬಳಿ ಮಿಲಿಮೀಟರಿಗೆ 40 ನ್ಯೂಟನ್ನಿನ ಸುತ್ತಮುತ್ತ ನಿಲ್ಲುತ್ತೇನೆ. 250 ಕೆ.ಜಿ.ಗೆ ಅದು 2 ಹರ್ಟ್ಸ್. ಟ್ರ್ಯಾಕಿನಲ್ಲಿ ಕಾರು ಸ್ಪಷ್ಟವಾಗಿ ಚುರುಕಾಗುತ್ತದೆ, ರಸ್ತೆಯಲ್ಲಿ ಇನ್ನೂ ಸಹಿಸಬಹುದು. ಹಿಂದಿನ ಚಕ್ರಗಳ ಮೇಲೆ ತೂಕ ಹೆಚ್ಚಿರುವುದರಿಂದ ಅಲ್ಲಿನ ಸಂಖ್ಯೆಯನ್ನು ಅದೇ ರೀತಿ ಬೇರೆಯಾಗಿ ಲೆಕ್ಕ ಹಾಕಬೇಕು. ಸ್ಪ್ರಿಂಗಿನ ಮೇಲೆ ಬರೆದಿರುವ ಸಂಖ್ಯೆಯೂ ಚಕ್ರದ ಬಳಿಯ ಸಂಖ್ಯೆಯೂ ಒಂದೇ ಅಲ್ಲ ಎಂಬುದನ್ನು ಮರೆಯಬಾರದು: ಚಕ್ರ ಒಂದು ಮಿಲಿಮೀಟರ್ ಏರಿದಾಗ ಸ್ಪ್ರಿಂಗ್ ಎಷ್ಟು ಅದುಮುತ್ತದೋ ಆ ಅನುಪಾತದ ವರ್ಗದಿಂದ ಗುಣಿಸಬೇಕು. ಸ್ಟ್ರಟ್‌ನಲ್ಲಿ ಈ ಅನುಪಾತ ಒಂದಕ್ಕೆ ಹತ್ತಿರ, 0.95 ಎನ್ನಿ, ಹಾಗಾಗಿ 45ರ ಸ್ಪ್ರಿಂಗ್ ಚಕ್ರದ ಬಳಿ 40 ಆಗುತ್ತದೆ. ಜೋಡಿ ವಿಶ್‌ಬೋನ್ (ಮೇಲೊಂದು ಕೆಳಗೊಂದು ಕವೆಯಾಕಾರದ ಆರ್ಮ್) ಇರುವ ಕಾರಿನಲ್ಲಿ ಅನುಪಾತ 0.7 ಇದ್ದರೆ ಅದೇ 45ರ ಸ್ಪ್ರಿಂಗ್ ಚಕ್ರದ ಬಳಿ 22ಕ್ಕೆ ಇಳಿಯುತ್ತದೆ. ಬೇರೆ ಕಾರಿನವರು ಹಾಕಿಕೊಂಡ ಸ್ಪ್ರಿಂಗಿನ ಸಂಖ್ಯೆಯನ್ನು ಕೇಳಿ ನಿಮ್ಮದಕ್ಕೆ ಅನ್ವಯಿಸುವುದು ನಿರರ್ಥಕವಾಗುವುದು ಇದರಿಂದಲೇ.

ರೇಸ್ ಸ್ಪ್ರಿಂಗುಗಳ ಮೇಲೆ ಉದ್ದ, ಒಳವ್ಯಾಸ, ಗಡಸುತನ ಈ ಮೂರನ್ನು ಸಾಮಾನ್ಯವಾಗಿ ಅಚ್ಚೊತ್ತಿರುತ್ತಾರೆ. ಮೆಟ್ರಿಕ್ ಸ್ಪ್ರಿಂಗಿನ ಮೇಲೆ 140, 60, 80 ಎಂಬ ಅಂಕಿಗಳಿದ್ದರೆ 140 ಮಿ.ಮೀ. ಉದ್ದ, 60 ಮಿ.ಮೀ. ಒಳವ್ಯಾಸ, ಮಿಲಿಮೀಟರಿಗೆ 80 ನ್ಯೂಟನ್ ಎಂದು ಓದಬೇಕು. ಅಂಗುಲಕ್ಕೆ ಇಷ್ಟು ಪೌಂಡ್ ಎಂದು ಬರೆದಿದ್ದರೆ 0.175ರಿಂದ ಗುಣಿಸಿ, 600 ಪೌಂಡಿನದು ಮಿಲಿಮೀಟರಿಗೆ 105 ನ್ಯೂಟನ್. ಒಳವ್ಯಾಸ 60 ಮಿ.ಮೀ. ಮತ್ತು 63.5 ಮಿ.ಮೀ. ಎರಡೂ ಬಳಕೆಯಲ್ಲಿವೆ, ನೋಡಲು ಒಂದೇ ತೆರನಾಗಿದ್ದರೂ ಒಂದರ ತಟ್ಟೆಯಲ್ಲಿ ಇನ್ನೊಂದು ಸರಿಯಾಗಿ ಕೂರುವುದಿಲ್ಲ. ಹಳೆಯ ಸ್ಪ್ರಿಂಗ್ ಕಾಲಕ್ರಮೇಣ ಮೆತ್ತಗಾಗುತ್ತದೆ ಎಂಬ ನಂಬಿಕೆ ಬಲವಾಗಿದೆ, ಆದರೆ ಅದು ತಪ್ಪು. ಗಡಸುತನವನ್ನು ನಿರ್ಧರಿಸುವುದು ತಂತಿಯ ದಪ್ಪ, ಸುರುಳಿಯ ವ್ಯಾಸ, ಸುತ್ತುಗಳ ಸಂಖ್ಯೆ ಮತ್ತು ಉಕ್ಕಿನ ಗುಣ, ಇವು ವಯಸ್ಸಿನಿಂದ ಬದಲಾಗುವುದಿಲ್ಲ. ಕುಗ್ಗುವುದು ಸ್ಪ್ರಿಂಗಿನ ಉದ್ದ ಮಾತ್ರ. ಹಾಗೆಯೇ ಕೆಳಗಿನ ಕಾಲರನ್ನು ತಿರುಗಿಸಿ ಸ್ಪ್ರಿಂಗನ್ನು ಗಡಸು ಮಾಡಿದೆ ಎನ್ನುವವರೂ ಎತ್ತರವನ್ನು ಬದಲಿಸಿರುತ್ತಾರೆಯೇ ಹೊರತು ಗಡಸುತನವನ್ನಲ್ಲ. ಸರಿಯಾದ ಗಡಸುತನದ ಹೊಸ ಸ್ಪ್ರಿಂಗ್ ಈ ಇಡೀ ಕೆಲಸದಲ್ಲಿ ಅತ್ಯಂತ ಅಗ್ಗದ ಭಾಗ, ಆದ್ದರಿಂದ ಇಲ್ಲಿ ಹಳೆಯದಕ್ಕೆ ಆಸೆಪಡಲು ಕಾರಣವೇ ಇಲ್ಲ.

ಈಗ ಡ್ಯಾಂಪರ್. ನಿಮ್ಮ ಕೈಗೆ ಬರುತ್ತಿರುವ ಸೆಟ್ಟಿನಲ್ಲಿ ನಿಜವಾದ ಬೆಲೆ ಇರುವುದು ಇವುಗಳಲ್ಲಿ. ಒಳ್ಳೆಯ ರೇಸ್ ಡ್ಯಾಂಪರನ್ನು ಬಿಚ್ಚಿ ಕಟ್ಟಲೆಂದೇ ರೂಪಿಸಿರುತ್ತಾರೆ. ಅದರ ಸೀಲು, ಎಣ್ಣೆ, ಗ್ಯಾಸ್, ಒಳಗಿನ ಬುಷ್, ಪಿಸ್ಟನ್ ಮೇಲೆ ಅಡಕಿರುವ ತೆಳು ಉಕ್ಕಿನ ಬಿಲ್ಲೆಗಳು ಎಲ್ಲವೂ ಬದಲಾಯಿಸಬಹುದಾದವು. ಹೊರಗಿನ ಕೊಳವೆ ಮತ್ತು ಸರಳು ಚೆನ್ನಾಗಿದ್ದರೆ ಪರಿಣತನ ಕೈಯಲ್ಲಿ ಅದು ಮತ್ತೆ ಹೊಸದೇ ಆಗುತ್ತದೆ. ಆದರೆ ಇದ್ದ ಹಾಗೆಯೇ ತಂದು ಮೆತ್ತನೆಯ ಸ್ಪ್ರಿಂಗಿನ ಮೇಲೆ ಕೂರಿಸಿದರೆ ಹಾಳಾದ ಕಾರೊಂದು ಸಿಗುತ್ತದೆ, ಅದೂ ಡ್ಯಾಂಪರ್ ಎಷ್ಟು ಒಳ್ಳೆಯದೋ ಅಷ್ಟು ಹಾಳಾಗಿ.

ಇದಕ್ಕೂ ಲೆಕ್ಕವಿದೆ. ಒಂದು ಮೂಲೆಯನ್ನು ಅದುಮಿ ಬಿಟ್ಟಾಗ ಅದು ಒಮ್ಮೆಯೂ ಕುಪ್ಪಳಿಸದೆ ಹಿಂದಿರುಗಲು ಕನಿಷ್ಠ ಎಷ್ಟು ಡ್ಯಾಂಪಿಂಗ್ ಬೇಕೋ ಅದನ್ನು ಒಂದು ಎಂದು ಕರೆದರೆ, ರಸ್ತೆಯ ಕಾರುಗಳು ಸಾಮಾನ್ಯವಾಗಿ 0.2ರಿಂದ 0.4ರ ನಡುವೆ ಇರುತ್ತವೆ, ರೇಸ್ ಕಾರುಗಳು 0.6, 0.7ರ ಸುತ್ತ ಅಥವಾ ಇನ್ನೂ ಮೇಲೆ. ತಂಡದ 100 ನ್ಯೂಟನ್ ಸ್ಪ್ರಿಂಗಿಗೆ 0.65 ಆಗುವಂತೆ ಹೊಂದಿಸಿದ ಡ್ಯಾಂಪರನ್ನು ಹಾಗೆಯೇ 40 ನ್ಯೂಟನ್ ಸ್ಪ್ರಿಂಗಿನ ಮೇಲೆ ಹಾಕಿದರೆ ಅನುಪಾತ 1.03ಕ್ಕೆ ಏರುತ್ತದೆ, ಮೂಲ 25ರ ಸ್ಪ್ರಿಂಗಿನ ಮೇಲಾದರೆ 1.3. ಸಂಖ್ಯೆ ಒಂದನ್ನು ದಾಟಿತೆಂದರೆ, ಉಬ್ಬೊಂದು ಚಕ್ರವನ್ನು ಮೇಲಕ್ಕೆ ತಳ್ಳಿದ ಬಳಿಕ ಸ್ಪ್ರಿಂಗ್ ಅದನ್ನು ಕೆಳಕ್ಕೆ ಮರಳಿಸುವಷ್ಟರಲ್ಲಿ ಇನ್ನೊಂದು ಉಬ್ಬು ಬಂದಿರುತ್ತದೆ. ಹೀಗೆ ಉಬ್ಬಿನ ಮೇಲೆ ಉಬ್ಬು ಬಂದಂತೆ ಕಾರು ತನ್ನಷ್ಟಕ್ಕೆ ತಾನು ತಗ್ಗುತ್ತಾ ಹೋಗಿ ಬಂಪ್ ಸ್ಟಾಪಿನ (ಸಸ್ಪೆನ್ಷನ್ ಅತಿಯಾಗಿ ಅದುಮದಂತೆ ತಡೆಯುವ ಮೆತ್ತೆಯ) ಮೇಲೆ ಕೂರುತ್ತದೆ. ಚಾಲಕನಿಗೆ ಇದು ಸ್ಪ್ರಿಂಗ್ ತೀರಾ ಗಡಸಾದಂತೆ ಅನಿಸುತ್ತದೆ. ಅವನು ಇನ್ನೂ ಮೆತ್ತನೆಯ ಸ್ಪ್ರಿಂಗ್ ಹುಡುಕಿಕೊಂಡು ಹೋಗುತ್ತಾನೆ, ತೊಂದರೆ ಇನ್ನೂ ಹೆಚ್ಚುತ್ತದೆ. ಈ ವೃತ್ತದಲ್ಲಿ ಸುತ್ತಿ ಸುಸ್ತಾದ ಎಷ್ಟೋ ಕಾರುಗಳು ಕೊನೆಗೆ ನನ್ನ ಬಳಿ ಬಂದಿವೆ.

ಡ್ಯಾಂಪರಿನ ಹೊರಗಿರುವ ಹೊಂದಾಣಿಕೆಯ ಗುಬ್ಬಿಗಳನ್ನು ತಿರುಗಿಸಿ ಮೆತ್ತಗೆ ಮಾಡಿಕೊಂಡರೆ ಸಾಲದೇ ಎಂದು ನೀವು ಕೇಳಬಹುದು. ಸಾಲದು. ಹೆಚ್ಚಿನ ಡ್ಯಾಂಪರ್‌ಗಳಲ್ಲಿ ಆ ಗುಬ್ಬಿ ತೆರೆಯುವುದು ಎಣ್ಣೆ ಹಾಯುವ ಒಂದು ಸಣ್ಣ ಅಡ್ಡದಾರಿಯನ್ನು. ಸರಳು ನಿಧಾನವಾಗಿ ಚಲಿಸುವಾಗ, ಅಂದರೆ ಕಾರು ತಿರುವಿನಲ್ಲಿ ಓರೆಯಾಗುವಾಗ ಅಥವಾ ಬ್ರೇಕಿಗೆ ಮುಂದೆ ಬಾಗುವಾಗ, ಅದರ ಪರಿಣಾಮ ಚೆನ್ನಾಗಿ ತಿಳಿಯುತ್ತದೆ. ಉಬ್ಬು ತಗ್ಗುಗಳಲ್ಲಿ ಸರಳು ವೇಗವಾಗಿ ಚಲಿಸಿದಾಗ ಅಷ್ಟು ಎಣ್ಣೆಗೆ ಆ ಸಣ್ಣ ದಾರಿ ಸಾಲದೆ, ಪಿಸ್ಟನ್ನಿನ ಬಿಲ್ಲೆಗಳು ಬಾಗಿ ದಾರಿ ಬಿಡಬೇಕಾಗುತ್ತದೆ; ಆಗ ಬಲವನ್ನು ನಿರ್ಧರಿಸುವುದು ಬಿಲ್ಲೆಗಳ ದಪ್ಪ ಮತ್ತು ಜೋಡಣೆಯೇ. ಆದ್ದರಿಂದ ಡ್ಯಾಂಪರ್‌ಗಳನ್ನು ಕೊಂಡ ಮೇಲೆ ಅವನ್ನು ಬಿಚ್ಚಿಸಿ, ನಿಮ್ಮ ಹೊಸ ಸ್ಪ್ರಿಂಗಿಗೆ ತಕ್ಕಂತೆ ಬಿಲ್ಲೆಗಳನ್ನು ಬದಲಿಸಿ ಕಟ್ಟಿಸುವುದು ಕೆಲಸದ ಅನಿವಾರ್ಯ ಭಾಗ. ಅದರ ಖರ್ಚನ್ನು ತಂಡ ಕೇಳುವ ಬೆಲೆಗೆ ಮೊದಲೇ ಸೇರಿಸಿ ನೋಡಿ. ಅದಕ್ಕಿಂತ ಮುಂಚೆ, ಆ ಡ್ಯಾಂಪರಿನ ಸೀಲು ಮತ್ತು ಬಿಡಿಭಾಗಗಳು ಇಂದಿಗೂ ಸಿಗುತ್ತವೆಯೇ, ಅದನ್ನು ಬಿಚ್ಚಬಲ್ಲವರು ನಿಮ್ಮ ಕೈಗೆಟುಕುವ ದೂರದಲ್ಲಿದ್ದಾರೆಯೇ ಎಂದು ವಿಚಾರಿಸಿ. ಇಲ್ಲವೆಂದಾದರೆ ಎಷ್ಟು ಪ್ರಸಿದ್ಧ ತಯಾರಿಕೆಯದಾದರೂ ಅದು ಮೇಜಿನ ಮೇಲಿಡುವ ಅಲಂಕಾರದ ವಸ್ತು.

ಕೊಳ್ಳುವಾಗ ನೋಡಬೇಕಾದದ್ದು ಹೀಗಿದೆ. ಸರಳನ್ನು ಪೂರ್ತಿ ಹೊರಕ್ಕೆ ಎಳೆದು ಉಗುರನ್ನು ಉದ್ದಕ್ಕೂ ಜಾರಿಸಿ. ಉಗುರಿಗೆ ಸಿಕ್ಕುವ ಗೀರು ಯಾವುದೇ ಹೊಸ ಸೀಲನ್ನು ಕೆಲವೇ ದಿನಗಳಲ್ಲಿ ಕತ್ತರಿಸುತ್ತದೆ. ಸರಳನ್ನು ತಿರುಗಿಸುತ್ತಾ ಒಳಹೊರಗೆ ಮಾಡಿದಾಗ ಎಲ್ಲಾದರೂ ಹಿಡಿದರೆ ಅದು ಬಾಗಿದೆ. ಗುಬ್ಬಿಗಳನ್ನು ಒಂದು ತುದಿಯಿಂದ ಇನ್ನೊಂದಕ್ಕೆ ತಿರುಗಿಸಿ ಕ್ಲಿಕ್ಕುಗಳನ್ನು ಎಣಿಸಿ. ಎಡಬಲದಲ್ಲಿ ಎಣಿಕೆ ಬೇರೆಯಾದರೆ ಒಳಗೆ ಏನೋ ಕೆಟ್ಟಿದೆ. ನಿಮ್ಮದು ಸ್ಟ್ರಟ್ ಆದ್ದರಿಂದ ಇನ್ನೂ ಒಂದು ಅಂಶವಿದೆ: ಇಲ್ಲಿ ಡ್ಯಾಂಪರ್ ಕೇವಲ ಡ್ಯಾಂಪರ್ ಅಲ್ಲ, ಚಕ್ರವನ್ನು ನೆಟ್ಟಗೆ ಹಿಡಿದಿರುವ ಕಂಬವೂ ಹೌದು. ತಿರುವಿನ ಪಕ್ಕದ ಬಲವೆಲ್ಲ ಅದನ್ನು ಬಾಗಿಸಲು ನೋಡುತ್ತದೆ. ಒಳಗಿನ ಜಾರುಬುಷ್ ಸವೆದಿದ್ದರೆ ಕೊಳವೆಯನ್ನು ಹಿಡಿದು ಅಡ್ಡಡ್ಡ ಅಲ್ಲಾಡಿಸಿದಾಗ ಪ್ಲೇ ಕೈಗೆ ತಿಳಿಯುತ್ತದೆ, ಅಷ್ಟು ಪ್ಲೇ ಓಡುವಾಗ ಕ್ಯಾಂಬರಿನಲ್ಲಿ, ಅಂದರೆ ಮುಂದಿನಿಂದ ನೋಡಿದಾಗ ಚಕ್ರ ವಾಲಿರುವ ಕೋನದಲ್ಲಿ, ಕಾಣಿಸಿಕೊಳ್ಳುತ್ತದೆ. ಕೊಳವೆಗೆ ಬೆಸೆದಿರುವ ಕೆಳಗಿನ ಹಿಡಿಕೆಯ ಬೆಸುಗೆಯ ಅಂಚನ್ನು ಬಣ್ಣ ತೆಗೆಸಿ ನೋಡಿ. ಅಲ್ಲಿ ಬಿರುಕಿದ್ದರೆ ಬೇರೆ ಮಾತೇ ಬೇಡ, ಬಿಟ್ಟುಬಿಡಿ.

ಪ್ರತ್ಯೇಕ ಡಬ್ಬಿಯೊಳಗೆ ನೈಟ್ರೋಜನ್ ಒತ್ತಡದಲ್ಲಿರುತ್ತದೆ, ಹಾಗಾಗಿ ಕೊಳವೆಯ ಜೋಡಣೆಯನ್ನು ನೀವಾಗಿ ಸಡಿಲಿಸಬೇಡಿ. ಈ ಒತ್ತಡ ಕಾರಿನ ಎತ್ತರವನ್ನೂ ಮುಟ್ಟುತ್ತದೆ: 14 ಮಿ.ಮೀ. ಸರಳಿನ ಮೇಲೆ 15 ಬಾರ್ ಒತ್ತಡವೆಂದರೆ ಸುಮಾರು 230 ನ್ಯೂಟನ್ ಹೊರನೂಕು, 40 ನ್ಯೂಟನ್ನಿನ ಸ್ಪ್ರಿಂಗಿನ ಮೇಲೆ ಅದು ಹೆಚ್ಚುಕಡಿಮೆ 6 ಮಿ.ಮೀ. ಎತ್ತರ. ಒಂದು ಮೂಲೆಯ ಗ್ಯಾಸ್ ಸೋರಿದರೆ ಕಾರು ಆ ಕಡೆಗೆ ಕುಂಟುವುದು ಈ ಕಾರಣಕ್ಕೆ. ಕಟ್ಟಿದ ಮೇಲೆ ನಾಲ್ಕನ್ನೂ ಡ್ಯಾಂಪರ್ ಡೈನೋ (ಡ್ಯಾಂಪರಿನ ಬಲವನ್ನು ಅಳೆಯುವ ಯಂತ್ರ) ಮೇಲೆ ಓಡಿಸಿ, ವೇಗಕ್ಕೆ ಎದುರಾಗಿ ಬಲದ ರೇಖೆಯನ್ನು ಕಾಗದದಲ್ಲಿ ಪಡೆಯಿರಿ. ಎಡದ ಮತ್ತು ಬಲದ ರೇಖೆಗಳನ್ನು ಒಂದರ ಮೇಲೊಂದು ಇಟ್ಟಾಗ ನೂರಕ್ಕೆ ಐದಕ್ಕಿಂತ ಹೆಚ್ಚು ಬೇರೆಯಾಗಿದ್ದರೆ ನಾನಾದರೆ ಹಿಂದಕ್ಕೆ ಕಳುಹಿಸುತ್ತೇನೆ. ಈ ಕಾಗದವಿಲ್ಲದೆ ಕೈಗೆ ಬಂದ ಡ್ಯಾಂಪರ್ ರಿಪೇರಿಯಾಗಿದೆ ಎಂಬುದು ಬರೀ ಬಾಯಿಮಾತು.

ಡ್ಯಾಂಪರ್‌ಗಳ ಒಟ್ಟು ಓಡಾಟದ ಉದ್ದವನ್ನೂ ಅಳೆಯಿರಿ. ರೇಸ್ ಕಾರು ನೆಲಕ್ಕೆ ಹತ್ತಿರವಾಗಿಯೂ ಗಡಸಾಗಿಯೂ ಇರುವುದರಿಂದ ಅದಕ್ಕೆ ಗಿಡ್ಡ ಓಡಾಟ ಸಾಕಾಗಿರುತ್ತದೆ. ನಿಮ್ಮ 40 ನ್ಯೂಟನ್ನಿನ ಸ್ಪ್ರಿಂಗ್ ಕಾರಿನ ಭಾರಕ್ಕೆ 60 ಮಿ.ಮೀ. ಅದುಮುತ್ತದೆ, ಆ ಸ್ಥಿತಿಯಿಂದ ಮೇಲಕ್ಕೂ ಕನಿಷ್ಠ ಅಷ್ಟೇ ಜಾಗ ಬಂಪ್ ಸ್ಟಾಪ್ ಮುಟ್ಟುವ ಮೊದಲು ಉಳಿದಿರಬೇಕು. ಸ್ಪ್ರಿಂಗ್ ಇಲ್ಲದೆ ಡ್ಯಾಂಪರನ್ನಷ್ಟೇ ಕೂರಿಸಿ, ಜ್ಯಾಕಿನಿಂದ ಚಕ್ರವನ್ನು ಪೂರ್ತಿ ಮೇಲಕ್ಕೂ ಪೂರ್ತಿ ಕೆಳಕ್ಕೂ ಒಯ್ದು, ಸ್ಟಿಯರಿಂಗನ್ನು ಎರಡೂ ಕಡೆ ತಿರುಗಿಸಿ, ಟೈರು ಎಲ್ಲಿಯಾದರೂ ತಗಲುತ್ತದೆಯೇ, ಬ್ರೇಕ್ ಹೋಸ್ ಎಳೆದುಕೊಳ್ಳುತ್ತದೆಯೇ, ಡ್ರೈವ್ ಶಾಫ್ಟಿನ ಕೀಲು ಅತಿಯಾಗಿ ಬಾಗುತ್ತದೆಯೇ ಎಂದು ನೋಡಿ. ಅರ್ಧ ದಿನದ ಈ ಕೆಲಸವನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಆಮೇಲೆ ಒಳಗಿನ ಅಂಚು ಸವೆದು ದಾರ ಕಾಣುವ ಟೈರು ಅದನ್ನು ನೆನಪಿಸುತ್ತದೆ.

ಇನ್ನು ಆರ್ಮ್, ಅಪ್‌ರೈಟ್ ಮತ್ತು ಹಬ್. ಲೋಹ ಒಂದೇ ದೊಡ್ಡ ಹೊಡೆತಕ್ಕೆ ಮಾತ್ರ ಮುರಿಯುವುದಿಲ್ಲ. ತಾಳಬಲ್ಲ ಬಲವನ್ನೇ ಲಕ್ಷಾಂತರ ಬಾರಿ ಅನುಭವಿಸಿದರೂ ದಣಿದು ಬಿರಿಯುತ್ತದೆ. ರೈಲುಗಾಡಿಯ ಅಚ್ಚುಗಳು ಕಾರಣವಿಲ್ಲದೆ ಮುರಿಯುತ್ತಿದ್ದುದನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಆಗಸ್ಟ್ ವೋಲರ್ ಎಂಬ ಜರ್ಮನ್ ಎಂಜಿನಿಯರ್ ವರ್ಷಗಟ್ಟಲೆ ಪರೀಕ್ಷಿಸಿ ಈ ದಣಿವನ್ನು ಅಳೆದ. ಉಕ್ಕಿಗೆ ಒಂದು ಮಿತಿಯಿದೆ, ಬಲ ಅದಕ್ಕಿಂತ ಕೆಳಗಿದ್ದರೆ ಬಹುತೇಕ ಎಂದೆಂದಿಗೂ ಬಾಳುತ್ತದೆ. ಅಲ್ಯೂಮಿನಿಯಮ್ಮಿಗೆ ಅಂಥ ಸ್ಪಷ್ಟ ಮಿತಿಯಿಲ್ಲ. ಸಣ್ಣ ಬಲವಾದರೂ ಪ್ರತಿ ಬಾರಿಯೂ ಅದರ ಆಯುಸ್ಸಿನಿಂದ ಒಂದಿಷ್ಟನ್ನು ಕಳೆಯುತ್ತಾ ಹೋಗುತ್ತದೆ. ರೇಸ್ ಕಾರಿನ ಆರ್ಮ್ ಮತ್ತು ಅಪ್‌ರೈಟ್‌ಗಳಲ್ಲಿ ತೂಕ ಉಳಿಸಲು ಲೋಹವನ್ನು ಸಾಧ್ಯವಾದಷ್ಟು ಕೊರೆದು ತೆಗೆದಿರುತ್ತಾರೆ, ಮೇಲಾಗಿ ಅವು ಪ್ರತಿ ಸುತ್ತಿನಲ್ಲೂ ತಿರುವಿನ ಅಂಚುಗಲ್ಲುಗಳಿಗೆ ಬಡಿಯುತ್ತವೆ. ಜವಾಬ್ದಾರಿಯ ತಂಡಗಳು ಇಂಥ ಭಾಗಗಳಿಗೆ ಇಷ್ಟು ಗಂಟೆ ಅಥವಾ ಇಷ್ಟು ಕಿಲೋಮೀಟರ್ ಎಂದು ಆಯುಸ್ಸನ್ನು ಗೊತ್ತುಮಾಡಿ ಪುಸ್ತಕದಲ್ಲಿ ಬರೆದಿಡುತ್ತವೆ. ಆ ಗಂಟೆಗಳು ತುಂಬಿದಾಗಲೇ ಭಾಗ ಕಾರಿನಿಂದ ಇಳಿಯುವುದು, ಮಾರಾಟಕ್ಕೆ ಬರುವುದೂ ಬಹುಮಟ್ಟಿಗೆ ಆಗಲೇ. ಡಿಕ್ಕಿಯಲ್ಲಿ ಬಾಗಿದ್ದನ್ನು ನೆಟ್ಟಗೆ ಮಾಡಿ ಬಿಡಿಭಾಗದ ಪೆಟ್ಟಿಗೆಗೆ ಸೇರಿಸಿದ್ದೂ ಉಂಟು.

ಒಮ್ಮೆ ನಾನೇ ಹೊಸದಾಗಿ ಬಣ್ಣ ಬಳಿದ ಒಂದು ಜೊತೆ ಉಕ್ಕಿನ ಆರ್ಮ್‌ಗಳನ್ನು ಕೊಂಡು ತಂದಿದ್ದೆ. ಬಣ್ಣದ ಹೊಳಪೇ ಅನುಮಾನ ಹುಟ್ಟಿಸಿದ್ದರಿಂದ ಅದನ್ನು ಪೂರ್ತಿ ಕೆರೆಸಿ, ಕಾಂತೀಯ ಪುಡಿಯ ಪರೀಕ್ಷೆ ಮಾಡಿಸಿದೆ. ಎರಡರಲ್ಲಿ ಒಂದಕ್ಕೆ ಬೆಸುಗೆಯ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು ಓಡಿತ್ತು. ಬರಿಗಣ್ಣಿಗೆ ಅದು ಬಣ್ಣ ತೆಗೆದ ಮೇಲೂ ಕಂಡಿರಲಿಲ್ಲ. ಉಕ್ಕಿಗೆ ಈ ಪರೀಕ್ಷೆ, ಅಲ್ಯೂಮಿನಿಯಮ್ಮಿಗೆ ಬಿರುಕಿನೊಳಗೆ ಇಳಿಯುವ ಬಣ್ಣದ ದ್ರವದ ಪರೀಕ್ಷೆ ಇದೆ. ಆದರೆ ಎರಡೂ ಹೇಳುವುದು ಈಗಾಗಲೇ ಬಿರುಕು ಬಿಟ್ಟಿದೆಯೇ ಎಂಬುದನ್ನು ಮಾತ್ರ, ಇನ್ನೆಷ್ಟು ದಿನಕ್ಕೆ ಬಿಡುತ್ತದೆ ಎಂಬುದನ್ನಲ್ಲ. ಗಂಟೆಗಳ ದಾಖಲೆಯಿಲ್ಲದ ಭಾಗಕ್ಕೆ ಈ ಎರಡನೆಯ ಪ್ರಶ್ನೆಗೆ ಉತ್ತರವೇ ಸಿಗುವುದಿಲ್ಲ, ಆರ್ಮ್ ಮುರಿದರೆ ಚಕ್ರ ಹೋಗುವ ದಿಕ್ಕಿನ ಮೇಲೆ ನಿಮ್ಮ ಸ್ಟಿಯರಿಂಗಿಗೆ ಯಾವ ಹತೋಟಿಯೂ ಇರುವುದಿಲ್ಲ. ಕ್ಯಾಂಬರ್ ಹೊಂದಿಸಲು ಬರುವ ಆರ್ಮ್ ಬೇಕೆಂದರೆ ಹೊಸದನ್ನೇ ಕೊಳ್ಳಿ.

ಹಬ್ ಮತ್ತು ಅಪ್‌ರೈಟ್‌ಗೆ ಇನ್ನೂ ಒಂದು ತೊಡಕಿದೆ. ಎ.ಬಿ.ಎಸ್. ಮತ್ತು ಜಾರುವಿಕೆ ತಡೆಯುವ ವ್ಯವಸ್ಥೆ ಚಕ್ರದ ವೇಗವನ್ನು ಓದುವ ಸೆನ್ಸರಿಗೆ ರೇಸ್ ಅಪ್‌ರೈಟಿನಲ್ಲಿ ಜಾಗವೇ ಇರದಿರಬಹುದು. ಇದ್ದರೂ ಅದರ ಉಂಗುರದ ಹಲ್ಲುಗಳ ಎಣಿಕೆ ನಿಮ್ಮ ಕಂಪ್ಯೂಟರ್ ನಿರೀಕ್ಷಿಸುವಷ್ಟೇ ಇರಬೇಕು. ಬೋಲ್ಟುಗಳ ಬಗ್ಗೆ ಹೇಳುವುದೇನೂ ಇಲ್ಲ, ಪ್ರತಿಯೊಂದೂ ಹೊಸದು, ತಯಾರಕರು ಹೇಳಿದ ದರ್ಜೆಯದು.

ಲೋಹದ ಗುಂಡು ಬೇರಿಂಗಿನ ಆಸೆ ನಿಮಗಿದ್ದಂತೆ ತೋರುತ್ತದೆ, ಅದನ್ನು ಸ್ವಲ್ಪ ತಣಿಸಬೇಕಾಗಿದೆ. ಇವು ರಬ್ಬರಿನಂತೆ ಹಿಗ್ಗಿ ಕುಗ್ಗದಿರುವುದರಿಂದ ಚಕ್ರದ ಕೋನಗಳು ನಿಖರವಾಗಿ ನಿಲ್ಲುತ್ತವೆ, ಸ್ಟಿಯರಿಂಗಿನ ಉತ್ತರ ತಕ್ಷಣ ಬರುತ್ತದೆ, ಇದು ನಿಜ. ಆದರೆ ಧೂಳು ಮತ್ತು ಕೆಸರು ಒಳಗಿನ ಟೆಫ್ಲಾನ್ ಪದರವನ್ನು ಅರೆದು ತೆಗೆಯುತ್ತವೆ. ಪ್ರತಿ ವಾರಾಂತ್ಯ ಕಾರನ್ನು ಬಿಚ್ಚುವ ತಂಡಕ್ಕೆ ಅದು ದೊಡ್ಡ ಮಾತಲ್ಲ, ಮಳೆಯಲ್ಲಿ ಕೆಲಸಕ್ಕೆ ಹೋಗುವ ನಿಮಗೆ ಒಂದೇ ಮಳೆಗಾಲದಲ್ಲಿ ಟಕಟಕ ಸದ್ದು ಶುರುವಾಗುತ್ತದೆ. ಎರಡನೆಯದಾಗಿ, ರಬ್ಬರ್ ಯಾವಾಗಲೂ ಶತ್ರುವಲ್ಲ. 1977ರಲ್ಲಿ ಹೊರಬಂದ ಪೋರ್ಷೆ 928ರ ಹಿಂದಿನ ಆಕ್ಸಲ್‌ನಲ್ಲಿ, ಚಾಲಕ ತಿರುವಿನ ನಡುವೆ ಹೆದರಿ ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಬುಷ್‌ಗಳ ಹಿಗ್ಗುವಿಕೆಯೇ ಹೊರಚಕ್ರವನ್ನು ತುಸು ಒಳಮುಖವಾಗಿಸಿ ಕಾರನ್ನು ಸ್ಥಿರವಾಗಿಡುವಂತೆ ಎಂಜಿನಿಯರುಗಳು ಉದ್ದೇಶಪೂರ್ವಕವಾಗಿ ರೂಪಿಸಿದ್ದರು. ನಿಮ್ಮ ಕಾರಿನ ಹಿಂದಿನ ಬುಷ್‌ಗಳಲ್ಲೂ ಇಂಥ ಯಾವುದೋ ಲೆಕ್ಕ ಅಡಗಿರಬಹುದು. ಎಂಜಿನ್ ನಡುವೆ ಇರುವ ಕಾರಿನಲ್ಲಿ ಹಿಂಬದಿ ತಿರುಗಿದರೆ ಹಿಡಿಯುವುದು ಕಷ್ಟ, ಆ ರಕ್ಷಣೆಯನ್ನು ತಿಳಿಯದೆ ಕಿತ್ತುಹಾಕಬೇಡಿ. ಡ್ಯಾಂಪರಿನ ಮೇಲಿನ ಮೌಂಟ್‌ಗೆ ಒಂದು ಗುಂಡು ಬೇರಿಂಗ್ ಹಾಕಿ, ಆರ್ಮ್‌ಗಳಲ್ಲಿ ಹೊಸ ರಬ್ಬರನ್ನೇ ಇರಿಸಿಕೊಳ್ಳುವುದು ನಾನು ಇಂಥ ಕಾರುಗಳಿಗೆ ಹೇಳುವ ಸಲಹೆ.

ಆಂಟಿ-ರೋಲ್ ಬಾರ್‌ಗಳ ವಿಚಾರ ಸರಳ. ಘನ ಬಾರಿನ ಗಡಸುತನ ವ್ಯಾಸದ ನಾಲ್ಕನೆಯ ಘಾತದಂತೆ ಏರುತ್ತದೆ, 22 ಮಿ.ಮೀ.ನಿಂದ 25 ಮಿ.ಮೀ.ಗೆ ಹೋದರೆ ಮೂರು ಮಿಲಿಮೀಟರಿಗೇ 1.67 ಪಟ್ಟು. ರೇಸ್ ಬಾರುಗಳು ಹೆಚ್ಚಾಗಿ ಟೊಳ್ಳಾಗಿರುವುದರಿಂದ ಹೊರವ್ಯಾಸದ ನಾಲ್ಕನೆಯ ಘಾತದಿಂದ ಒಳವ್ಯಾಸದ್ದನ್ನು ಕಳೆಯಬೇಕು. ಬಾರಿನ ತುದಿಯ ಚಪ್ಪಟೆ ತೋಳುಗಳಾದ ಬ್ಲೇಡುಗಳನ್ನು ಹೊಸದಾಗಿ ಹಾಕಿ, ತುದಿಯ ಹಲ್ಲುಗಳು ಸವೆದಿಲ್ಲವೆಂದು ನೋಡಿಕೊಳ್ಳಿ. ಹಿಂದಿನ ಬಾರನ್ನು ಗಡಸು ಮಾಡಿದಷ್ಟೂ ಹಿಂಬದಿ ಬೇಗ ಜಾರುತ್ತದೆ, ಆದ್ದರಿಂದ ಮೊದಲು ಮುಂದಿನದನ್ನು ಮಾತ್ರ ಜೋಡಿಸಿ, ಹಿಂದೆ ಮೂಲ ಬಾರನ್ನೇ ಬಿಟ್ಟು ಓಡಿಸಿ ನೋಡಿ.

ಕ್ರಮದ ಬಗ್ಗೆ ಕೇಳಿದ್ದೀರಿ. ಏನನ್ನೂ ಬಿಚ್ಚುವ ಮೊದಲು ಈಗಿನ ಕಾರಿನ ನಾಲ್ಕೂ ಮೂಲೆಗಳ ಎತ್ತರ, ಚಕ್ರದ ಕೋನಗಳು, ಒಂದೊಂದು ಚಕ್ರದ ಮೇಲಿನ ತೂಕ ಇವನ್ನು ಅಳೆದು ಬರೆದಿಡಿ. ಸವೆದ ಬಾಲ್ ಜಾಯಿಂಟ್, ಟೈ ರಾಡ್, ಬುಷ್ ಇದ್ದರೆ ಅವನ್ನು ಮೂಲ ಭಾಗಗಳಿಂದಲೇ ಸರಿಪಡಿಸಿ ಒಂದು ದಿನ ಟ್ರ್ಯಾಕಿನಲ್ಲಿ ಓಡಿಸಿ. ಹೊಸ ಡ್ಯಾಂಪರಿನ ಕೀರ್ತಿಗೆ ಸೇರುತ್ತಿದ್ದ ಅರ್ಧದಷ್ಟು ಸುಧಾರಣೆ ಅಲ್ಲಿಯೇ ಸಿಕ್ಕಿಬಿಡುವುದುಂಟು. ಬಳಿಕ ಡ್ಯಾಂಪರ್ ಮತ್ತು ಸ್ಪ್ರಿಂಗ್ ಒಟ್ಟಿಗೆ, ಆಮೇಲೆ ಮುಂದಿನ ಬಾರ್. ಒಂದೊಂದರ ನಡುವೆ ಓಡಿಸಿ ನೋಡುವಷ್ಟು ಬಿಡುವಿರಲಿ. ಮೂಲ ಕಾರಿನಲ್ಲಿ ಎಲೆಕ್ಟ್ರಾನಿಕ್ ಡ್ಯಾಂಪರ್‌ಗಳಿದ್ದರೆ ಅವನ್ನು ತೆಗೆದ ಕೂಡಲೇ ಎಚ್ಚರಿಕೆಯ ದೀಪ ಹತ್ತುತ್ತದೆ. ಎತ್ತರ ಬದಲಾದರೆ ಹೆಡ್‌ಲೈಟಿನ ಗುರಿಯನ್ನೂ ಸರಿಪಡಿಸಬೇಕು. ವಾಹನದ ನೋಂದಣಿ ಮತ್ತು ವಿಮೆಯ ನಿಯಮಗಳು ಈ ಬದಲಾವಣೆಗೆ ಒಪ್ಪುತ್ತವೆಯೇ ಎಂಬುದನ್ನು ದುಡ್ಡು ಕೊಡುವ ಮುನ್ನವೇ ಲಿಖಿತವಾಗಿ ತಿಳಿದುಕೊಳ್ಳಿ.

ಎತ್ತರವನ್ನು ಮೂಲಕ್ಕಿಂತ 20 ಮಿ.ಮೀ.ಗಿಂತ ಹೆಚ್ಚು ಇಳಿಸಬೇಡಿ. ಸ್ಟ್ರಟ್ ಕಾರನ್ನು ತಗ್ಗಿಸಿದಾಗ ಕೆಳಗಿನ ಆರ್ಮಿನ ಹೊರತುದಿ ಮೇಲಕ್ಕೆ ಏರುತ್ತದೆ, ಕಾರು ಓರೆಯಾಗುವ ಕೇಂದ್ರ ಕಾರಿಗಿಂತ ವೇಗವಾಗಿ ಕೆಳಗಿಳಿಯುತ್ತದೆ. ತಗ್ಗಿಸಿದ ಕಾರು ಮೊದಲಿಗಿಂತ ಹೆಚ್ಚು ಓರೆಯಾಗಲು ನೋಡುವ ವಿಚಿತ್ರ ಪರಿಸ್ಥಿತಿ ಬರುತ್ತದೆ. ರೇಸ್ ತಂಡ ಅಪ್‌ರೈಟಿನ ಕೀಲಿನ ಜಾಗವನ್ನೇ ಬದಲಿಸಿ ಇದನ್ನು ಸರಿಪಡಿಸಿಕೊಂಡಿರುತ್ತದೆ, ಆ ಅಪ್‌ರೈಟ್ ನಿಮ್ಮಲ್ಲಿಲ್ಲ. ಆರ್ಮ್ ಸಮತಟ್ಟಾಗಿ ಅಥವಾ ಹೊರತುದಿ ತುಸು ಕೆಳಗಾಗಿ ನಿಂತಿದ್ದರೆ ಸರಿ. ಮುಂದಿನ ಕ್ಯಾಂಬರ್ ಮೈನಸ್ 2 ಡಿಗ್ರಿಯ ಆಸುಪಾಸಿನಲ್ಲಿರಲಿ, ತಂಡದ ಮೈನಸ್ 3.5 ಅಥವಾ 4 ಡಿಗ್ರಿ ನಿಮ್ಮ ಟೈರಿನ ಒಳಅಂಚನ್ನು ರಸ್ತೆಯಲ್ಲೇ ತಿಂದುಹಾಕುತ್ತದೆ. ಹಿಂದಿನ ಚಕ್ರಗಳು ಸ್ವಲ್ಪ ಒಳಮುಖವಾಗಿರಲಿ. ಚಕ್ರವನ್ನು 10 ಮಿ.ಮೀ.ನಂತೆ ಏರಿಸುತ್ತಾ ಇಳಿಸುತ್ತಾ ಪ್ರತಿ ಹಂತದಲ್ಲೂ ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಅಳೆದು, ಉಬ್ಬಿನ ಮೇಲೆ ಚಕ್ರ ತಾನಾಗಿಯೇ ತಿರುಗುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಿ. ಮೂಲೆತೂಕ ಹೊಂದಿಸುವಾಗ ಚಾಲಕನ ಆಸನದಲ್ಲಿ ನಿಮ್ಮಷ್ಟೇ ತೂಕ ಇಟ್ಟಿರಬೇಕು, ಆಂಟಿ-ರೋಲ್ ಬಾರಿನ ಕೊಂಡಿ ಬಿಚ್ಚಿರಬೇಕು.

ರಬ್ಬರ್ ಬುಷ್‌ಗಳ ಬೋಲ್ಟನ್ನು ಕಾರು ಗಾಳಿಯಲ್ಲಿ ನೇತಾಡುವಾಗ ಬಿಗಿಯಬೇಡಿ, ಚಕ್ರಗಳು ನೆಲದ ಮೇಲಿದ್ದು ಕಾರು ತನ್ನ ಎತ್ತರದಲ್ಲಿ ಕುಳಿತಾಗ ಟಾರ್ಕ್ ವ್ರೆಂಚಿನಿಂದ ಬಿಗಿಯಿರಿ. ಇಲ್ಲವಾದರೆ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಮೊದಲ 100 ಕಿಲೋಮೀಟರ್ ಆದ ಮೇಲೆ ಎಲ್ಲವನ್ನೂ ಮತ್ತೊಮ್ಮೆ ಪರೀಕ್ಷಿಸಿ, ಪ್ರತಿ ಬೋಲ್ಟಿನ ಮೇಲೆ ಬಣ್ಣದ ಗೆರೆ ಎಳೆದಿಟ್ಟರೆ ಮುಂದೆ ಸಡಿಲಾದದ್ದು ಕಣ್ಣಿಗೇ ಕಾಣುತ್ತದೆ. ತಂಡ ಬಿಡಿಯಾಗಿ ಕೊಡುವುದಿಲ್ಲ, ಇಡೀ ಸೆಟ್ಟನ್ನೇ ಕೊಳ್ಳಬೇಕು ಎಂದರೆ, ಡ್ಯಾಂಪರ್ ಕಟ್ಟಿಸುವ ಖರ್ಚು, ಹೊಸ ಸ್ಪ್ರಿಂಗ್, ಹೊಸ ಬ್ಲೇಡ್ ಎಲ್ಲವನ್ನೂ ಕೂಡಿಸಿ, ಆರ್ಮ್ ಅಪ್‌ರೈಟ್‌ಗಳಿಗೆ ಸೊನ್ನೆ ಬೆಲೆ ಹಿಡಿದು, ಒಟ್ಟು ಮೊತ್ತ ಹೊಸ ರಸ್ತೆ-ಟ್ರ್ಯಾಕ್ ಡ್ಯಾಂಪರ್‌ಗಳ ಬೆಲೆಯ ಮುಕ್ಕಾಲು ಭಾಗಕ್ಕಿಂತ ಕಡಿಮೆಯಿದ್ದರೆ ಮಾತ್ರ ಒಪ್ಪಿ. ಅವರ ಡ್ಯಾಂಪರ್ ಸರ್ವಿಸಿನ ದಾಖಲೆ ಮತ್ತು ಸೆಟ್ಟಪ್ ಹಾಳೆಗಳನ್ನೂ ಕೇಳಿ ಪಡೆಯಿರಿ. ಬಿಲ್ಲೆಗಳ ಈಗಿನ ಜೋಡಣೆ ಅದರಲ್ಲಿ ಬರೆದಿದ್ದರೆ ಡ್ಯಾಂಪರ್ ಕಟ್ಟುವವರ ಒಂದು ದಿನದ ಕೆಲಸ ಉಳಿಯುತ್ತದೆ.